ತಲೆಗೆ, ರಾತ್ರಿಗೆ 1.30 ಪೌಂಡ್: ವೇಲ್ಸ್‌ನ ಪ್ರವಾಸಿ ಲೆವಿ ಕಾಟೇಜ್ ಮಾಲೀಕರಿಗೆ ಎಲ್ಲಿ ತಟ್ಟುತ್ತದೆ?

ಪ್ರಶ್ನೆ: ನಾನು, ನನ್ನ ಯಜಮಾನರು ವೇಲ್ಸ್‌ನಲ್ಲಿ ಒಂದು ಕಾಟೇಜ್ ಇಟ್ಟುಕೊಂಡಿದ್ದೇವೆ. ಆರು ಜನ ಮಲಗಬಹುದು, ಅಡುಗೆ ಬಂದವರೇ ಮಾಡಿಕೊಳ್ಳಬೇಕು. ವರ್ಷಕ್ಕೆ ಸುಮಾರು 190 ರಾತ್ರಿ ಬಾಡಿಗೆಗೆ ಹೋಗುತ್ತದೆ. 24,000 ಪೌಂಡ್ ಬರುತ್ತದೆ, ಖರ್ಚು ಕಳೆದು 8,000 ಉಳಿಯುತ್ತದೆ. ಈಗ ಬಿಸಿನೆಸ್ ರೇಟ್ಸ್ (ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆ) ಏನೂ ಕಟ್ಟುತ್ತಿಲ್ಲ, ಪೂರ್ತಿ ರಿಯಾಯಿತಿ ಇದೆ. ಪ್ರವಾಸಿಗರ ಮೇಲೆ ಲೆವಿ, ಅಂದರೆ ರಾತ್ರಿ ತಂಗುವುದಕ್ಕೆ ತೆರಿಗೆ ಹಾಕುವ ಬಗ್ಗೆ ನಮ್ಮ ಸ್ಥಳೀಯ ಕೌನ್ಸಿಲ್ ಜನರ ಅಭಿಪ್ರಾಯ ಕೇಳುತ್ತಿದೆ. ಇದು ನಮಗೆ ಎಷ್ಟು ಹೊರೆ? ಅತಿಥಿಗಳಿಂದ ತಗೋಬೇಕಾ, ನಾವೇ ಕೈಯಿಂದ ಹಾಕಬೇಕಾ? ನನ್ನ ಮೈದುನ ಇದೇ ಕೌಂಟಿಯಲ್ಲಿ ಆರು ರೂಮಿನ ಬಿ ಆ್ಯಂಡ್ ಬಿ (ರೂಮಿನ ಜೊತೆ ಬೆಳಗಿನ ತಿಂಡಿ ಕೊಡುವ ವಸತಿ) ನಡೆಸುತ್ತಾನೆ, ವಹಿವಾಟು 88,000 ಪೌಂಡ್. ಅವನಿಗೆ ಏನಾಗುತ್ತದೆ? ಇಷ್ಟೆಲ್ಲ ರಗಳೆ ಬೇಡ ಅಂತ ಮಾರಿಬಿಡೋಣ ಅಂತಲೂ ಅನಿಸುತ್ತಿದೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 1.30 ಪೌಂಡ್ ನಿಮ್ಮನ್ನು ಮುಳುಗಿಸುವುದಿಲ್ಲ. ಆದರೆ ನಿಮ್ಮ ವ್ಯವಹಾರ ಈಗಾಗಲೇ ಒಂದು ಅಂಚಿನಲ್ಲಿ ನಿಂತಿದೆ, ನಿಮ್ಮ ಮೈದುನನದು ಇನ್ನೊಂದು ಅಂಚಿನಲ್ಲಿ. ಲೆವಿ ಅಲ್ಲಿ ಒಂದು ಸಣ್ಣ ತಳ್ಳು ಕೊಡುತ್ತದೆ. ನೀವು ಬರೆದ ಅಂಕಿಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 24,000 ಅಲ್ಲ. 190 ಮತ್ತು 88,000. ಈ ಉತ್ತರ ಹೆಚ್ಚಾಗಿ ಅವೆರಡರ ಸುತ್ತವೇ ಇರುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ವೇಲ್ಸ್‌ನ ಶಾಸನಸಭೆ ಸೆನೆಡ್ 2025ರ ಜುಲೈನಲ್ಲಿ ಲೆವಿಯ ಮಸೂದೆಯನ್ನು ಒಪ್ಪಿತು, ಸೆಪ್ಟೆಂಬರ್‌ನಲ್ಲಿ ರಾಜಮುದ್ರೆ ಬಿತ್ತು. ಲೆವಿ ಹಾಕಲೇಬೇಕು ಅಂತ ಅದರಲ್ಲಿಲ್ಲ. ಬೇಕಾದ ಕೌನ್ಸಿಲ್ ಹಾಕಬಹುದು, ಬೇಡದವರು ಬಿಡಬಹುದು. ಹಾಕುವ ಮೊದಲು ಜನರ ಅಭಿಪ್ರಾಯ ಕೇಳಬೇಕು, ಮುಂಗಡ ಸೂಚನೆ ಕೊಡಬೇಕು. ಎಷ್ಟೇ ಬೇಗ ಅಂದರೂ 2027ರ ಮೊದಲು ಎಲ್ಲೂ ಶುರುವಾಗದ ಹಾಗೆ ಕಾಲಪಟ್ಟಿ ಹಾಕಿದ್ದಾರೆ. ದರ ಎರಡೇ. ಟೆಂಟ್ ಜಾಗ ಮತ್ತು ಹಾಸ್ಟೆಲ್‌ನಂಥ ಹಂಚಿಕೊಳ್ಳುವ ಕೋಣೆಗಳಿಗೆ ತಲೆಗೆ ರಾತ್ರಿಗೆ 75 ಪೆನ್ಸ್, ಉಳಿದ ಎಲ್ಲ ಕಡೆ 1.30 ಪೌಂಡ್. 75 ಪೆನ್ಸ್ ಇರುವ ಕಡೆ 18 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ನಿಮ್ಮಂಥ ಕಾಟೇಜ್‌ನಲ್ಲಿ ಮಕ್ಕಳಿಗೂ ಉಂಟು, ತೊಟ್ಟಿಲಲ್ಲಿ ಮಲಗುವ ಕೂಸಿಗೂ ಉಂಟು. ಮೊದಲ ಕರಡಿನಲ್ಲಿ 1.25 ಇತ್ತು. ಕ್ಯಾಂಪ್‌ಸೈಟ್ ಮಕ್ಕಳನ್ನು ಬಿಟ್ಟು ಆ ಖೋತಾ ತುಂಬಲು ಐದು ಪೆನ್ಸ್ ಏರಿಸಿದರು. ಅಂದರೆ ಆ ಮಕ್ಕಳ ರಿಯಾಯಿತಿಯ ಖರ್ಚು ನಿಮ್ಮ ಅತಿಥಿಗಳ ಮೇಲೆ ಬಿತ್ತು. ಇದು ನನಗೆ ಸರಿ ಕಾಣುವುದಿಲ್ಲ. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ವಾರದ ರಜೆಗೆ ಕಾಟೇಜ್ ಹಿಡಿಯುವವರು ಸಿರಿವಂತರೇ ಆಗಿರಬೇಕು ಅಂತೇನೂ ಇಲ್ಲವಲ್ಲ.

ಒಂದೇ ಬುಕಿಂಗ್‌ನಲ್ಲಿ 31 ರಾತ್ರಿಗಿಂತ ಜಾಸ್ತಿ ಉಳಿದರೆ ಲೆವಿ ಇಲ್ಲ. ಇದನ್ನು ಓದಿ ಚಳಿಗಾಲದಲ್ಲಿ ಕೆಲಸದ ಮೇಲೆ ಬರುವವರಿಗೆ ತಿಂಗಳುಗಟ್ಟಲೆ ಕೊಟ್ಟುಬಿಡೋಣ ಅನ್ನುವವರಿದ್ದಾರೆ. ಕೊಡಬಹುದು, ಆದರೆ ಹುಷಾರು. ಬಿಸಿನೆಸ್ ರೇಟ್ಸ್ ಲೆಕ್ಕಕ್ಕೆ ಬರುವುದು ಅಲ್ಪಾವಧಿಯ ಬಾಡಿಗೆ ದಿನಗಳು. ಬಂದವರು ಅದನ್ನೇ ಮನೆ ಮಾಡಿಕೊಂಡು ಕೂತರೆ ವೇಲ್ಸ್‌ನ ಬಾಡಿಗೆದಾರರ ಕಾನೂನು ಕೂಡ ನಿಮ್ಮ ಮನೆಯೊಳಗೆ ಬರಬಹುದು. ಲೆವಿ ಉಳಿಸಲು ಹೋಗಿ ಅಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಈಗ ಹೊರೆಯ ಮಾತು. ಪ್ರವಾಸಿಗರ ಲೆವಿ ಅಂತ ಹೆಸರಿದೆ ನಿಜ, ಆದರೆ ಕಾನೂನಿನ ಕಣ್ಣಲ್ಲಿ ಕಟ್ಟಬೇಕಾದವರು ವಸತಿ ಕೊಡುವವರು. ಅಂದರೆ ನೀವು. ಅತಿಥಿ ಕೊಟ್ಟರೂ ಕೊಡದಿದ್ದರೂ ವೆಲ್ಶ್ ರೆವಿನ್ಯೂ ಅಥಾರಿಟಿ (ವೇಲ್ಸ್‌ನ ತೆರಿಗೆ ಇಲಾಖೆ) ಬಾಕಿ ಕೇಳುವುದು ನಿಮ್ಮನ್ನೇ. ಅತಿಥಿಯಿಂದ ತಗೊಳ್ಳುತ್ತೀರೋ, ಬೆಲೆಯೊಳಗೆ ಸೇರಿಸುತ್ತೀರೋ, ಲಾಭದಲ್ಲಿ ಕಳೆದುಕೊಳ್ಳುತ್ತೀರೋ ಅದು ನಿಮಗೆ ಬಿಟ್ಟದ್ದು. ಇದೊಂದು ವಿಷಯ ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸಲೀಸು.

ನಿಮ್ಮ ಕಾಟೇಜ್‌ನಲ್ಲಿ ಸರಾಸರಿ ನಾಲ್ಕು ಜನ ಇರುತ್ತಾರೆ ಅಂತ ಇಟ್ಟುಕೊಳ್ಳಿ. 190 ರಾತ್ರಿ, ನಾಲ್ಕು ತಲೆ, 1.30 ಪೌಂಡ್. ವರ್ಷಕ್ಕೆ 988 ಪೌಂಡ್ ಆಯಿತು. 24,000ದ ವಹಿವಾಟಿನಲ್ಲಿ ಇದು ಶೇ 4ರಷ್ಟು. ಅಷ್ಟೇ ತಾನೇ, ನಾವೇ ನುಂಗಿಕೊಳ್ಳೋಣ, ಬರುವವರಿಗೆ ಯಾಕೆ ಬೇಜಾರು ಮಾಡಬೇಕು ಅಂತ ಅನಿಸಬಹುದು. ಆದರೆ ನೀವು ನುಂಗುವುದು ವಹಿವಾಟಿನಿಂದ ಅಲ್ಲ, ಕೊನೆಗೆ ಉಳಿಯುವ ಆ 8,000ದಿಂದ. ಅದರಲ್ಲಿ 988 ಹೋದರೆ ಶೇ 12ಕ್ಕಿಂತ ಜಾಸ್ತಿ ಹೋಯಿತು. ಮೇಲಾಗಿ 2025ರ ಏಪ್ರಿಲ್ 6ರಿಂದ ಫರ್ನಿಶ್ಡ್ ಹಾಲಿಡೇ ಲೆಟ್ಟಿಂಗ್ಸ್‌ಗೆ, ಅಂದರೆ ಸಾಮಾನು ಸಮೇತ ರಜೆಗೆ ಬಾಡಿಗೆ ಕೊಡುವ ಮನೆಗಳಿಗೆ ಇದ್ದ ವಿಶೇಷ ತೆರಿಗೆ ಪದ್ಧತಿಯೂ ಹೋಯಿತು. ಕಾಟೇಜ್ ಮೇಲೆ ಸಾಲ ಇದ್ದರೆ ಬಡ್ಡಿಯನ್ನು ಮೊದಲಿನಂತೆ ಪೂರ್ತಿ ಖರ್ಚು ಅಂತ ತೋರಿಸಲು ಬರುವುದಿಲ್ಲ, ಶೇ 20ರ ಲೆಕ್ಕದಲ್ಲಿ ಮಾತ್ರ ತೆರಿಗೆ ಕಡಿತ ಸಿಗುತ್ತದೆ. ಒಂದು ಕಡೆ ಅದು ಕಚ್ಚುತ್ತಿರುವಾಗ ಇದನ್ನೂ ನೀವೇ ಹೊರಬೇಡಿ. ಅತಿಥಿಯ ಬೆಲೆಗೇ ಸೇರಿಸಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆದರೆ ಎಲ್ಲ ವಾರಕ್ಕೂ ಒಂದೇ ಥರ ಸೇರಿಸಿದರೆ ನಡೆಯುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಇದು ವೇಲ್ಸ್ ಲೆವಿಯ ದೊಡ್ಡ ಕೊರತೆ. ಆಗಸ್ಟ್‌ನಲ್ಲಿ ನಿಮ್ಮ ಕಾಟೇಜ್‌ಗೆ ವಾರಕ್ಕೆ 1,300 ಪೌಂಡ್ ಬರುತ್ತದೆ ಅನ್ನಿ, ಜನವರಿಯಲ್ಲಿ 400. ಅಪ್ಪ ಅಮ್ಮ ನಾಲ್ಕು ಮಕ್ಕಳು ಏಳು ರಾತ್ರಿ ಇದ್ದರೆ ಲೆವಿ 54.60 ಪೌಂಡ್. ಆಗಸ್ಟ್‌ನಲ್ಲಾಗಲಿ ಜನವರಿಯಲ್ಲಾಗಲಿ ಅಷ್ಟೇ. ಆಗಸ್ಟ್‌ನಲ್ಲಿ ಅದು ಬಾಡಿಗೆಯ ಶೇ 4ರ ಆಸುಪಾಸು, ಯಾರಿಗೂ ಗೊತ್ತೇ ಆಗುವುದಿಲ್ಲ. ಜನವರಿಯಲ್ಲಿ ಶೇ 13ಕ್ಕಿಂತ ಜಾಸ್ತಿ! ಹೇಗೂ ಖಾಲಿ ಬೀಳುವ ತಿಂಗಳಿನಲ್ಲಿ, ಕಡಿಮೆ ರೇಟಿಗೆ ಆಸೆಪಟ್ಟು ಬರುವ ಕುಟುಂಬಕ್ಕೆ, ಅದೇ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ಕಾಣುತ್ತದೆ.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ 2024ರ ಕಾನೂನು ಬೆಲೆಯ ಮೇಲೆ ಶೇಕಡಾ ಲೆಕ್ಕ ತಂದಿತು. ಎಡಿನ್‌ಬರೋ ಶೇ 5 ಗೊತ್ತುಮಾಡಿತು, ಒಂದೇ ಸಲದ ವಾಸ್ತವ್ಯದಲ್ಲಿ ಮೊದಲ ಐದು ರಾತ್ರಿಗೆ ಮಾತ್ರ. 2026ರ ಜುಲೈ 24ರಿಂದ ಉಳಿಯುವವರಿಗೆ ಅನ್ವಯ. ಗ್ಲಾಸ್ಗೋ ಕೂಡ ಶೇ 5, 2027ರ ಜನವರಿಯಿಂದ. ಇದೇ ಕಾಟೇಜ್ ಎಡಿನ್‌ಬರೋದಲ್ಲಿ ಇದ್ದಿದ್ದರೆ ಆಗಸ್ಟ್ ವಾರಕ್ಕೆ 46 ಪೌಂಡ್ ಚಿಲ್ಲರೆ, ಜನವರಿ ವಾರಕ್ಕೆ 14 ಪೌಂಡ್ ಚಿಲ್ಲರೆ. ಬೆಲೆ ಇಳಿದ ಹಾಗೆ ಲೆವಿಯೂ ಇಳಿಯುತ್ತದೆ. ಅದರಲ್ಲೂ ತಲೆನೋವು ಇಲ್ಲವೆಂದಲ್ಲ. ಬೆಲೆಯಲ್ಲಿ ಯಾವ ಭಾಗ ವಸತಿಯದು, ಯಾವುದು ಊಟದ್ದು ಅಂತ ಬಿಡಿಸಿ ಲೆಕ್ಕ ಹಾಕಬೇಕು. ವೇಲ್ಸ್‌ನಲ್ಲಿ ತಲೆ ಎಣಿಸಿ ರಾತ್ರಿ ಎಣಿಸಿದರೆ ಮುಗಿಯಿತು. ಲೆಕ್ಕ ಸುಲಭ, ಆದರೆ ಕಡಿಮೆ ಬಾಡಿಗೆಯ ವಾರಕ್ಕೂ ದೊಡ್ಡ ಕುಟುಂಬಕ್ಕೂ ಭಾರ.

ಹಾಗಾಗಿ ಬೇಸಿಗೆಯ ವಾರಗಳಲ್ಲಿ ಲೆವಿಯನ್ನು ಪೂರ್ತಿ ಬಾಡಿಗೆಯ ಮೇಲೆ ಸೇರಿಸಿ, ಬೇಕಾದರೆ ಬಾಡಿಗೆಯನ್ನೇ ಇನ್ನೊಂದು ಇಪ್ಪತ್ತು ಪೌಂಡ್ ಏರಿಸಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೂಲ ಬಾಡಿಗೆ ಅಷ್ಟೇ ಇಳಿಸಿ, ಒಟ್ಟು ಮೊತ್ತ ಈಗಿನಷ್ಟೇ ಇರುವ ಹಾಗೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಬಂದದ್ದು ಚಳಿಗಾಲದ್ದನ್ನು ಸರಿದೂಗಿಸುತ್ತದೆ. ಲೆವಿ ನುಂಗಬೇಡಿ ಅಂತ ಈಗಷ್ಟೇ ಹೇಳಿ ಚಳಿಗಾಲದಲ್ಲಿ ಮಾತ್ರ ಯಾಕೆ ನುಂಗಿಸುತ್ತಿದ್ದೇನೆ ಅಂದರೆ, ಅದಕ್ಕೆ ಕಾರಣ ಆ 190.

ವೇಲ್ಸ್‌ನಲ್ಲಿ 2023ರ ಏಪ್ರಿಲ್‌ನಿಂದ ನಿಯಮ ಬಿಗಿಯಾಗಿದೆ ಅಂತ ನಿಮಗೆ ಗೊತ್ತೇ ಇದೆ. ಕಾಟೇಜ್ ಬಿಸಿನೆಸ್ ರೇಟ್ಸ್ ಪಟ್ಟಿಯಲ್ಲಿ ಉಳಿಯಬೇಕಾದರೆ ಹನ್ನೆರಡು ತಿಂಗಳಲ್ಲಿ 252 ದಿನ ಬಾಡಿಗೆಗೆ ಲಭ್ಯ ಇರಬೇಕು, 182 ದಿನ ನಿಜವಾಗಿ ಬಾಡಿಗೆಗೆ ಹೋಗಿರಬೇಕು. ಮೊದಲು ಇದು 140 ಮತ್ತು 70 ಇತ್ತು. 182 ಮುಟ್ಟದಿದ್ದರೆ ಆ ಮನೆ ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಪಟ್ಟಿಗೆ ಹೋಗುತ್ತದೆ, ಎರಡನೇ ಮನೆ ಅಂತ ಅದರ ಮೇಲೆ ಹೆಚ್ಚುವರಿ ಬೀಳಬಹುದು. ಕಾನೂನು ಪ್ರಕಾರ ಹೆಚ್ಚುವರಿ ಶೇ 300ರವರೆಗೂ ಹೋಗಬಹುದು. ಗ್ವಿನೆಡ್ ಕೌನ್ಸಿಲ್ ಶೇ 150 ಹಾಕಿತು. ಉದಾಹರಣೆಗೆ ನಿಮ್ಮ ಮನೆಗೆ ಮಾಮೂಲಿ ಕೌನ್ಸಿಲ್ ಟ್ಯಾಕ್ಸ್ 2,000 ಪೌಂಡ್ ಅನ್ನಿ, ಶೇ 150 ಸೇರಿದರೆ 5,000. ಈಗ ಸೊನ್ನೆ ಕಟ್ಟುತ್ತಿರುವ ನೀವು 5,000 ಕಟ್ಟಬೇಕು. ಲಾಭವೇ 8,000!

190ರಿಂದ 182 ಎಷ್ಟು ದೂರ? ಎಂಟು ರಾತ್ರಿ. ಫೆಬ್ರವರಿಯಲ್ಲಿ ಒಂದು ವಾರದ ಬುಕಿಂಗ್ ಕ್ಯಾನ್ಸಲ್ ಆಗಿ, ಒಂದು ವೀಕೆಂಡ್ ಖಾಲಿ ಹೋದರೆ ಮುಗಿಯಿತು. ಈಗ ಹೇಳಿ, ಲೆವಿಯಿಂದ ಆಗಸ್ಟ್‌ನಲ್ಲಿ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ. ತಪ್ಪಿಸಿಕೊಳ್ಳುವುದಾದರೆ ಜನವರಿ ಫೆಬ್ರವರಿಯ ಆ ಕುಟುಂಬಗಳೇ, ಶೇ 13 ಜಾಸ್ತಿ ಕಂಡವರು. ನಿಮ್ಮನ್ನು 182ರ ಮೇಲೆ ಹಿಡಿದು ನಿಲ್ಲಿಸಿರುವುದೂ ಅವೇ ರಾತ್ರಿಗಳು. ಆದ್ದರಿಂದ ಚಳಿಗಾಲದ ಲೆವಿ ನಿಮ್ಮ ಕೈಯಿಂದ ಹೋದರೂ ಚಿಂತೆಯಿಲ್ಲ, ಆ ರಾತ್ರಿಗಳು ಹೋಗಬಾರದು. ಚಳಿಗಾಲದ 50 ರಾತ್ರಿಗೆ ನಾಲ್ಕು ಜನರ ಲೆವಿ 260 ಪೌಂಡ್. 5,000ದ ಮುಂದೆ ಅದು ಯಾವ ಲೆಕ್ಕ?

ಒಂದು ವರ್ಷ ಕಡಿಮೆಯಾದರೂ ಹಿಂದಿನ ವರ್ಷಗಳ ಸರಾಸರಿ ಹಿಡಿಯಬಹುದು ಅನ್ನುವ ಥರದ ಸಡಿಲಿಕೆಯನ್ನು ವೇಲ್ಸ್ ಸರ್ಕಾರ 2025ರಲ್ಲಿ ಮುಂದಿಟ್ಟಿತು. ಅದನ್ನು ನಂಬಿ ಕೂರಬೇಡಿ ಅನ್ನುವುದು ನನ್ನ ಸಲಹೆ. 200 ರಾತ್ರಿ ಗುರಿ ಇಟ್ಟುಕೊಳ್ಳಿ. ಪ್ರತಿ ಬುಕಿಂಗ್‌ನ ರಸೀದಿ, ಬ್ಯಾಂಕಿಗೆ ಹಣ ಬಂದ ದಾಖಲೆ ಜೋಡಿಸಿ ಇಡಿ. ಮನೆ ಯಾವ ತೆರಿಗೆ ಪಟ್ಟಿಗೆ ಅಂತ ನಿರ್ಧರಿಸುವ ವ್ಯಾಲ್ಯುಯೇಶನ್ ಆಫೀಸ್‌ನವರು ಕೇಳುವುದು ಅದನ್ನೇ, ಬಾಯಿಮಾತನ್ನಲ್ಲ.

ಇನ್ನು ನಿಮ್ಮ ಮೈದುನನ ವಿಷಯ. ಇದನ್ನು ಅವರಿಗೂ ಓದಲು ಕೊಡಿ, ದಯವಿಟ್ಟು. ವ್ಯಾಟ್ ನೋಂದಣಿಯ ಮಿತಿ 2024ರ ಏಪ್ರಿಲ್‌ನಿಂದ 90,000 ಪೌಂಡ್, ವಹಿವಾಟು ಅದನ್ನು ದಾಟಿದರೆ ವ್ಯಾಟ್‌ಗೆ ಸೇರಲೇಬೇಕು. ಅವರು 88,000ದಲ್ಲಿ ಇದ್ದಾರೆ, ಬಹುಶಃ ಬೇಕಂತಲೇ ಅಲ್ಲಿ ನಿಲ್ಲಿಸಿಕೊಂಡಿದ್ದಾರೆ. ತುಂಬಾ ಬಿ ಆ್ಯಂಡ್ ಬಿಗಳು ಡಿಸೆಂಬರ್ ಬಂದ ಕೂಡಲೇ ಬಾಗಿಲು ಹಾಕುವುದರ ಹಿಂದೆ ಈ ಮಿತಿಯೂ ಇರುತ್ತದೆ. ಈಗ ಲೆವಿ ಕಟ್ಟುವ ಹೊಣೆ ಮಾಲೀಕರದು ಅಂತ ಕಾನೂನು ಹೇಳಿದ್ದರಿಂದ, ಅತಿಥಿ ಕೊಡುವ ಲೆವಿ ಹಣವೂ ವಸತಿಗೆ ಕೊಟ್ಟ ಬೆಲೆಯ ಭಾಗವೇ ಆಗುತ್ತದೆ. ಅಂದರೆ ಅದೂ ವಹಿವಾಟಿಗೆ ಸೇರುತ್ತದೆ. ನಾನು ಸುಮ್ನೆ ವಸೂಲಿ ಮಾಡಿ ಕೌನ್ಸಿಲ್‌ಗೆ ದಾಟಿಸುವವನು, ಅದು ನನ್ನ ದುಡ್ಡಲ್ಲ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ರೂಮಿಗೆ ರಾತ್ರಿಗೆ 80 ಪೌಂಡ್ ಅಂದರೆ 88,000ಕ್ಕೆ 1,100 ರೂಮ್ ರಾತ್ರಿ. ರೂಮಿಗೆ ಇಬ್ಬರಂತೆ 2,200 ತಲೆ, ಲೆವಿ 2,860 ಪೌಂಡ್. ಕೂಡಿಸಿ ನೋಡಿ, 90,860. ಒಂದು ಪೈಸೆ ಜಾಸ್ತಿ ದುಡಿಯದೆಯೇ ಮಿತಿ ದಾಟಿತು. ಬೆಲೆ ಏರಿಸದೆ ಮಾಮೂಲಿ ಶೇ 20ರ ವ್ಯಾಟ್‌ಗೆ ಬಿದ್ದರೆ ಆ 88,000ದಲ್ಲಿ ಆರನೇ ಒಂದು ಭಾಗ, ಅಂದರೆ ಸುಮಾರು 14,700 ಪೌಂಡ್ ಎಚ್‌ಎಂಆರ್‌ಸಿ (ಬ್ರಿಟನ್‌ನ ತೆರಿಗೆ ಇಲಾಖೆ) ಪಾಲು. ಖರೀದಿಯ ಮೇಲೆ ಕೊಟ್ಟ ವ್ಯಾಟ್ ಸ್ವಲ್ಪ ವಾಪಸ್ ಸಿಗುತ್ತದೆ, ಆದರೆ ಬಿ ಆ್ಯಂಡ್ ಬಿಯ ದೊಡ್ಡ ಖರ್ಚು ಅಂದರೆ ಸಂಬಳ, ಸಾಲದ ಬಡ್ಡಿ ಮತ್ತು ತಿಂಡಿಯ ದಿನಸಿ. ಇವುಗಳಲ್ಲಿ ವಾಪಸ್ ಪಡೆಯಲು ಹೆಚ್ಚೇನೂ ಇರುವುದಿಲ್ಲ. ಫ್ಲಾಟ್ ರೇಟ್ ಸ್ಕೀಮ್‌ಗೆ ಹೋದರೆ ಹೋಟೆಲ್ ಮತ್ತು ವಸತಿಗೆ ಶೇ 10.5, ಒಟ್ಟು ವಸೂಲಾದ ಹಣದ ಮೇಲೆ. ಹಾಗಾದರೂ 9,500ರ ಹತ್ತಿರ ಹೋಗುತ್ತದೆ. ವ್ಯಾಟ್‌ಗೆ ಸೇರಿದ ಮೇಲೆ ಲೆವಿಯ ಮೇಲೂ ಶೇ 20 ಬೀಳುತ್ತದೆ, ಅತಿಥಿಯ ಕೈಗೆ 1.30 ಅನ್ನುವುದು 1.56 ಆಗಿ ತಲುಪುತ್ತದೆ. ತೆರಿಗೆಯ ಮೇಲೆ ತೆರಿಗೆ. ಇದನ್ನು ಬೇರೆ ಥರ ಬರೆಯಬಹುದಿತ್ತು, ಲೆವಿಯ ಹೊಣೆಯನ್ನು ಅತಿಥಿಯ ಮೇಲೆಯೇ ಇಟ್ಟಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಅವರು ಈಗ ಎರಡರಲ್ಲೊಂದು ಮಾಡಬೇಕು. ಲೆವಿ ಶುರುವಾಗುವ ವರ್ಷದಿಂದ ರೂಮಿನ ವಹಿವಾಟನ್ನು 86,000ದ ಹತ್ತಿರ ಕಟ್ಟಿಹಾಕಬೇಕು. ಇಲ್ಲವೇ ವ್ಯಾಟ್ ಒಪ್ಪಿಕೊಂಡು ಬೆಲೆ, ರೂಮು, ಚಳಿಗಾಲದ ವ್ಯಾಪಾರ ಎಲ್ಲವನ್ನೂ ದೊಡ್ಡದು ಮಾಡಬೇಕು. ಮಧ್ಯದಲ್ಲಿ ನಿಂತರೆ ಗಿಟ್ಟುವುದಿಲ್ಲ. ಮಿತಿ ನೋಡುವುದು ಏಪ್ರಿಲ್‌ನಿಂದ ಏಪ್ರಿಲ್‌ಗಲ್ಲ, ಯಾವ ತಿಂಗಳ ಕೊನೆಯಲ್ಲಿ ನಿಂತು ನೋಡಿದರೂ ಹಿಂದಿನ ಹನ್ನೆರಡು ತಿಂಗಳು. ಆದ್ದರಿಂದ ಪ್ರತಿ ತಿಂಗಳೂ ಕೂಡಿಸಬೇಕು, ಬೇಸಿಗೆ ಮುಗಿದ ಮೇಲೆ ನೋಡಿದರೆ ತಡವಾಗಿರುತ್ತದೆ.

ಬೆಲೆ ತೋರಿಸುವ ವಿಷಯದಲ್ಲೂ ಒಂದು ಮಾತು. ಬಾಡಿಗೆ ಒಂದು ಕಡೆ ಹಾಕಿ, ಲೆವಿಯನ್ನು ಬಂದ ದಿನ ಬಾಗಿಲಲ್ಲಿ ಕೈಗೆ ಕೊಡಿ ಅಂತ ಕೇಳುವುದು ಯುರೋಪಿನ ಹಲವು ಊರುಗಳಲ್ಲಿ ರೂಢಿ. ಇಲ್ಲಿ ಹಾಗೆ ಮಾಡಬೇಡಿ. 2025ರ ಏಪ್ರಿಲ್‌ನಿಂದ ಬ್ರಿಟನ್‌ನ ಗ್ರಾಹಕ ಕಾನೂನು ಬದಲಾಗಿದೆ. ಕೊಡಲೇಬೇಕಾದ ಶುಲ್ಕ ಏನಿದ್ದರೂ ಮೊದಲು ಕಾಣುವ ಬೆಲೆಯಲ್ಲೇ ಸೇರಿರಬೇಕು. ಎಷ್ಟು ಜನ ಅಂತ ಗೊತ್ತಾಗದೆ ಮೊತ್ತ ಹೇಳಲು ಆಗದಿದ್ದರೆ, ಲೆಕ್ಕ ಹೇಗೆ ಅನ್ನುವುದನ್ನಾದರೂ ಬೆಲೆಯಷ್ಟೇ ಎದ್ದು ಕಾಣುವ ಹಾಗೆ ಹಾಕಬೇಕು. ನಿಮ್ಮ ಸ್ವಂತ ವೆಬ್‌ಸೈಟ್‌ನಲ್ಲಿ ಜನ ಎಷ್ಟು ಅಂತ ಮೊದಲೇ ಕೇಳಿ, ಒಟ್ಟು ಬೆಲೆ ತೋರಿಸಿ, ಕೆಳಗೆ ಅದರಲ್ಲಿ ಲೆವಿ ಇಷ್ಟು ಅಂತ ಬಿಡಿಸಿ ಬರೆಯಿರಿ. ಬುಕಿಂಗ್ ಸೈಟ್‌ಗಳ ಮೂಲಕ ಬರುವವರ ವಿಷಯದಲ್ಲಿ ಕಮಿಷನ್ ಗಮನಿಸಿ. ಲೆವಿಯನ್ನು ಬಾಡಿಗೆಯೊಳಗೇ ಬೆರೆಸಿ ಹಾಕಿದರೆ ಸೈಟ್‌ನವರು ಅದರ ಮೇಲೂ ಕಮಿಷನ್ ಹಿಡಿಯುತ್ತಾರೆ. ಶೇ 15 ಅಂತಾದರೆ ಆ 54.60ರಲ್ಲಿ 8 ಪೌಂಡ್ ಚಿಲ್ಲರೆ ಅವರಿಗೆ ಹೋಯಿತು, ನೀವು ಮಾತ್ರ ಪೂರ್ತಿ 54.60 ಕಟ್ಟಬೇಕು. ಸ್ಥಳೀಯ ತೆರಿಗೆಗೆ ಅಂತ ಪ್ರತ್ಯೇಕ ಜಾಗ ಆ ಸೈಟ್‌ನಲ್ಲಿ ಇದೆಯಾ, ಅದಕ್ಕೆ ಕಮಿಷನ್ ಬೀಳುತ್ತದಾ ಅಂತ ಈಗಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಸೈಟ್‌ನವರೇ ವಸೂಲಿ ಮಾಡಿದರೂ ಹೊಣೆ ನಿಮ್ಮ ಹೆಸರಿನಲ್ಲೇ ಇರುತ್ತದೆ ಅನ್ನುವುದು ಮರೆಯಬೇಡಿ.

ಮುಂದಿನ ವರ್ಷದ ಬೇಸಿಗೆಗೆ ಈಗಲೇ ಬುಕ್ ಮಾಡುವವರು ಇರುತ್ತಾರಲ್ಲ, ಪ್ರತಿ ವರ್ಷ ಅದೇ ವಾರಕ್ಕೆ ಬರುವವರು? ಅವರ ಜೊತೆ ಜಾಗ್ರತೆ. ಲೆವಿ ಬರುವ ಮೊದಲು ಬುಕ್ ಮಾಡಿ, ಬಂದ ಮೇಲೆ ಉಳಿಯುವವರ ಲೆವಿ ಯಾರು ಕೊಡಬೇಕು ಅನ್ನುವ ಜಗಳ ಎಲ್ಲ ಕಡೆ ಆಗುತ್ತದೆ. ಎಡಿನ್‌ಬರೋದಲ್ಲಿ 2025ರ ಅಕ್ಟೋಬರ್ 1ಕ್ಕಿಂತ ಮೊದಲು ಬುಕ್ ಮಾಡಿ ಹಣ ಕೊಟ್ಟವರನ್ನು ಬಿಟ್ಟರು. ನಿಮ್ಮ ಕೌನ್ಸಿಲ್ ಹಾಗೆ ಬರೆದು ಕೊಡುವವರೆಗೂ ಅಂಥ ರಿಯಾಯಿತಿ ಇದೆ ಅಂತ ಎಣಿಸಬೇಡಿ. ಬುಕಿಂಗ್ ಷರತ್ತಿನಲ್ಲಿ ಇವತ್ತೇ ಒಂದು ಸಾಲು ಸೇರಿಸಿ: “ನೀವು ಉಳಿಯುವ ದಿನಗಳಿಗೆ ಪ್ರವಾಸಿ ಲೆವಿ ಜಾರಿಯಲ್ಲಿದ್ದರೆ, ತಲೆಗೆ ರಾತ್ರಿಗೆ 1.30 ಪೌಂಡ್‌ನಂತೆ ಅದು ಒಟ್ಟು ಬೆಲೆಗೆ ಸೇರುತ್ತದೆ, ಬರುವ ಮೊದಲೇ ನಿಮಗೆ ತಿಳಿಸುತ್ತೇವೆ.” ಇಷ್ಟು ಸಾಕು. ಎಷ್ಟು ಜನ ಬರುತ್ತಾರೆ ಅನ್ನುವುದನ್ನೂ ಹೆಸರಲ್ಲದಿದ್ದರೆ ಸಂಖ್ಯೆಯಲ್ಲಾದರೂ ಬರೆಸಿಕೊಳ್ಳಿ. ನಾಲ್ಕು ಅಂತ ಬುಕ್ ಮಾಡಿ ಆರು ಜನ ಇಳಿಯುವವರು ಈಗಲೂ ಇದ್ದಾರೆ ಅಲ್ವಾ? ಇನ್ನು ಮುಂದೆ ಅದು ಬರೀ ಟವೆಲ್, ಹಾಸಿಗೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಜನ ಬರುವುದೇ ನಿಂತುಹೋಗುತ್ತದೆ ಅನ್ನುವ ಭಯ ನನಗಿಲ್ಲ. ಆಮ್‌ಸ್ಟರ್‌ಡ್ಯಾಮ್ 2024ರಿಂದ ಶೇ 12.5 ತಗೊಳ್ಳುತ್ತಿದೆ, ಅಲ್ಲಿಗೆ ಜನ ಹೋಗುವುದು ಬಿಟ್ಟಿಲ್ಲ. ಸ್ಪೇನ್‌ನ ಬಾಲಿಯಾರಿಕ್ ದ್ವೀಪಗಳು 2002ರಲ್ಲಿ ತಂದು, ಮರುವರ್ಷವೇ ಕಿತ್ತು, 2016ರಲ್ಲಿ ಮತ್ತೆ ತಂದವು. ಆಮೇಲೂ ಅಲ್ಲಿನ ದೂರು ಜನ ಜಾಸ್ತಿಯಾಯಿತು ಅಂತಲೇ ಹೊರತು ಕಡಿಮೆಯಾಯಿತು ಅಂತಲ್ಲ. ಇಂಗ್ಲೆಂಡ್ ಗಡಿ ದಾಟಿದರೆ ಲೆವಿ ಇಲ್ಲ, ಅಲ್ಲಿಗೇ ಹೋಗುತ್ತಾರೆ ಅನ್ನುವ ಮಾತೂ ಬಹಳ ದಿನ ಉಳಿಯಲಾರದು. ಮ್ಯಾಂಚೆಸ್ಟರ್‌ನ ಹೋಟೆಲ್‌ಗಳು 2023ರ ಏಪ್ರಿಲ್‌ನಿಂದಲೇ ರೂಮಿಗೆ ರಾತ್ರಿಗೆ 1 ಪೌಂಡ್ ಸೇರಿಸುತ್ತಿವೆ. 2025ರ ನವೆಂಬರ್‌ನಲ್ಲಿ ಇಂಗ್ಲೆಂಡ್‌ನ ಮೇಯರ್‌ಗಳಿಗೂ ಲೆವಿ ಹಾಕುವ ಅಧಿಕಾರ ಕೊಡುತ್ತೇವೆ ಅಂತ ಸರ್ಕಾರ ಹೇಳಿತು.

ಆದರೆ ಯುರೋಪಿನಲ್ಲಿ ಎಲ್ಲರೂ ಕೊಡುತ್ತಾರಲ್ಲ, ನಿಮಗೇನು ಕಷ್ಟ ಅಂತ ಕೇಳುವವರಿಗೆ ಒಂದು ಉತ್ತರ ಇದೆ. ಜರ್ಮನಿಯಲ್ಲಿ ವಸತಿಯ ಮೇಲೆ ವ್ಯಾಟ್ ಶೇ 7, ಫ್ರಾನ್ಸ್ ಮತ್ತು ಸ್ಪೇನ್‌ನಲ್ಲಿ ಶೇ 10. ಇಲ್ಲಿ ಶೇ 20. ಅಲ್ಲಿ ಕಡಿಮೆ ವ್ಯಾಟ್‌ನ ಮೇಲೆ ಲೆವಿ ಕೂರುತ್ತದೆ, ಇಲ್ಲಿ ಪೂರ್ತಿ ವ್ಯಾಟ್‌ನ ಮೇಲೆ. ಲೆವಿಯನ್ನು ಮಾತ್ರ ಪಕ್ಕಕ್ಕಿಟ್ಟು ಹೋಲಿಸಿದರೆ ನ್ಯಾಯವಾಗುವುದಿಲ್ಲ.

ಈಗ ಕೌನ್ಸಿಲ್‌ಗೆ ಏನು ಬರೆಯಬೇಕು. ದರ ಕಡಿಮೆ ಮಾಡಿ, ಶೇಕಡಾ ಮಾಡಿ ಅಂತ ಬರೆದರೆ ಕಾಗದ ದಂಡ, ದರ ಕಾನೂನಿನಲ್ಲೇ ಇದೆ, ಕೌನ್ಸಿಲ್ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಹಾಕಬೇಕೋ ಬೇಡವೋ, ಯಾವಾಗಿಂದ, ಬಂದ ಹಣ ಯಾವುದಕ್ಕೆ. ಹಣವನ್ನು ಪ್ರವಾಸಿ ತಾಣಗಳ ನಿರ್ವಹಣೆ ಮತ್ತು ಸುಧಾರಣೆಗೇ ಬಳಸಬೇಕು ಅಂತ ಕಾನೂನಿನಲ್ಲಿದೆ. ಎಲ್ಲ ಕೌನ್ಸಿಲ್‌ಗಳೂ ಹಾಕಿದರೆ ವರ್ಷಕ್ಕೆ 3.3 ಕೋಟಿ ಪೌಂಡ್‌ವರೆಗೆ ಬರಬಹುದು ಅಂತ ವೇಲ್ಸ್ ಸರ್ಕಾರದ ಅಂದಾಜು. ನಿಮ್ಮ ಕೌಂಟಿಯ ಪಾಲು ಎಷ್ಟು, ಮೊದಲ ಎರಡು ವರ್ಷ ಎಲ್ಲಿ ಖರ್ಚು ಮಾಡುತ್ತೀರಿ ಅಂತ ಕೇಳಿ. ಈಗ ಕೌನ್ಸಿಲ್ ಬಜೆಟ್‌ನಿಂದ ನಡೆಯುತ್ತಿರುವ ಸಾರ್ವಜನಿಕ ಶೌಚಾಲಯ, ಕಸದ ತೊಟ್ಟಿ, ನಡೆದಾರಿಗಳ ಖರ್ಚನ್ನು ಲೆವಿಗೆ ತಳ್ಳಿ ಆ ಬಜೆಟ್ ಕತ್ತರಿಸಿದರೆ ಊರಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಹಾಗೆ ಮಾಡುವುದಿಲ್ಲ ಅಂತ ಬರೆದು ಕೊಡಿ ಅಂತ ಕೇಳಿ. ಚಳಿಗಾಲದಲ್ಲಿ ಬಸ್ಸು ಓಡಿಸಿ, ನವೆಂಬರ್‌ನಲ್ಲಿ ಶೌಚಾಲಯಕ್ಕೆ ಬೀಗ ಹಾಕಬೇಡಿ ಅಂತ ಕೇಳಿ, ಯಾಕೆಂದರೆ ನಿಮಗೆ ಜನ ಬೇಕಾಗಿರುವುದು ಆಗಲೇ. ನಿಮ್ಮ ಅಂಕಿಗಳನ್ನು ಹೆಸರಿಲ್ಲದೆ ಹಾಗೇ ಬರೆಯಿರಿ: ಜನವರಿ ವಾರಕ್ಕೆ ಶೇ 13, 182ರ ಅಂಚು, ಲಾಭದಲ್ಲಿ ಶೇ 12. ಅನ್ಯಾಯ ಅಂತ ಬರೆದ ಪತ್ರಗಳು ಅವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ, ಅಂಕಿ ಇರುವ ಪತ್ರ ಕಡಿಮೆ.

ಕೌನ್ಸಿಲ್ ಲೆವಿ ಬೇಡ ಅಂದರೂ ನೋಂದಣಿ ತಪ್ಪುವುದಿಲ್ಲ. ವೇಲ್ಸ್‌ನಲ್ಲಿ ದುಡ್ಡಿಗೆ ವಸತಿ ಕೊಡುವ ಎಲ್ಲರೂ ವೆಲ್ಶ್ ರೆವಿನ್ಯೂ ಅಥಾರಿಟಿಯ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಒಂದೇ ಕೋಣೆ ಕೊಡುವವರೂ ಸೇರಿ. ಇದರ ಜೊತೆಗೆ ಬಾಡಿಗೆ ಕಾಟೇಜ್‌ಗಳಿಗೆ ಲೈಸೆನ್ಸ್ ತರುವ ಇನ್ನೊಂದು ಮಸೂದೆಯನ್ನೂ 2025ರ ನವೆಂಬರ್‌ನಲ್ಲಿ ಮಂಡಿಸಿದರು. ಗ್ಯಾಸ್, ವಿದ್ಯುತ್, ಬೆಂಕಿ ಸುರಕ್ಷತೆಯ ಸರ್ಟಿಫಿಕೇಟ್‌ಗಳು ಸರಿಯಾಗಿದ್ದರೆ ನಿಮಗೆ ಇದರಲ್ಲಿ ಹೆದರುವಂಥದ್ದಿಲ್ಲ. ಪ್ರಾಮಾಣಿಕವಾಗಿ ನಡೆಸುವವರಿಗೆ ಇದು ಒಳ್ಳೆಯದೇ. ಯಾವ ಸರ್ಟಿಫಿಕೇಟೂ ಇಲ್ಲದೆ, ತೆರಿಗೆಯೂ ಕಟ್ಟದೆ ಅರ್ಧ ರೇಟಿಗೆ ಕೊಡುವವರ ಜೊತೆ ನೀವು ಪೈಪೋಟಿ ಮಾಡಬೇಕಾಗಿತ್ತಲ್ಲ, ಅದು ಸ್ವಲ್ಪವಾದರೂ ಕಡಿಮೆಯಾದೀತು.

ಕೊನೆಗೆ ಮಾರುವ ಮಾತು. ಲೆವಿ ಒಂದಕ್ಕೇ ಮಾರಬೇಡಿ. ಎರಡು ವರ್ಷ 182 ದಾಟಲು ಪರದಾಡಿದಿರಿ, ಸಾಲದ ಬಡ್ಡಿಯೂ ಏರಿದೆ, ಚಾದರ ಬದಲಿಸಲು ಓಡಾಡಿ ಇಬ್ಬರಿಗೂ ಸಾಕಾಗಿದೆ ಅಂದರೆ ಅದು ಬೇರೆ ಮಾತು, ಆಗ ಮಾರುವುದರಲ್ಲಿ ತಪ್ಪೇನಿಲ್ಲ. ಹಾಲಿಡೇ ಲೆಟ್ಟಿಂಗ್ಸ್‌ನ ಹಳೇ ತೆರಿಗೆ ಪದ್ಧತಿ ರದ್ದಾದ ಮೇಲೆ ಇಂಥ ಮನೆ ಮಾರುವಾಗ ವ್ಯಾಪಾರದ ಆಸ್ತಿಗೆ ಇದ್ದ ಕಡಿಮೆ ದರ ಸಿಗುವುದಿಲ್ಲ. ಲಾಭದ ಮೇಲೆ ನಿಮ್ಮ ಆದಾಯ ನೋಡಿ ಶೇ 18 ಅಥವಾ 24 ಬೀಳುತ್ತದೆ. ಮನೆ ಇಬ್ಬರ ಹೆಸರಿನಲ್ಲೂ ಇದ್ದರೆ ಇಬ್ಬರಿಗೂ ಬೇರೆ ಬೇರೆ 3,000 ಪೌಂಡ್ ವಿನಾಯಿತಿ ಇದೆ. ಒಬ್ಬರ ಹೆಸರಿನಲ್ಲೇ ಇದ್ದರೆ, ಗಿರಾಕಿ ಹುಡುಕುವ ಮೊದಲೇ ಒಬ್ಬ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ. ಮಾರಾಟ ಮುಗಿದ 60 ದಿನದೊಳಗೆ ಎಚ್‌ಎಂಆರ್‌ಸಿಗೆ ವರದಿ ಮಾಡಿ ತೆರಿಗೆ ಕಟ್ಟಬೇಕು, ವರ್ಷದ ಕೊನೆಯ ರಿಟರ್ನ್‌ವರೆಗೆ ಕಾಯುವ ಹಾಗಿಲ್ಲ. ಇನ್ನೊಂದು ವಿಷಯ, ಮುಂದಿನ ಬೇಸಿಗೆಗೆ ಮುಂಗಡ ತಗೊಂಡಿದ್ದರೆ ಆ ಬುಕಿಂಗ್‌ಗಳನ್ನು ಕೊಳ್ಳುವವರು ನಡೆಸಿಕೊಡುತ್ತಾರಾ, ಇಲ್ಲ ನೀವು ಹಣ ವಾಪಸ್ ಕೊಡಬೇಕಾ ಅನ್ನುವುದು ಮಾರಾಟದ ಕರಾರಿನಲ್ಲೇ ಬರಲಿ.